ಅಮರಗುಂಡಪ್ಪ ಮಾಸ್ತರರ ಕೇಬಲ್ ಪಾಠ

ಮಸ್ಕಿಗೆ ಕೇಬಲ್ ಟಿವಿ ಬಂದ ವರ್ಷ ಅಮರಗುಂಡಪ್ಪ ಮಾಸ್ತರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೂನ್‌ನಲ್ಲಿ ಟ್ಯೂಷನ್ ತೆರೆಯುವವರಿದ್ದರು. ಅದಕ್ಕೂ ಮುಂಚೆ ಒಂದು ಭಾನುವಾರ ಕೇಬಲ್‌ನಲ್ಲಿ ನೇರ ಪಾಠ ಮಾಡಿ ಊರನ್ನೇ ಬೆರಗುಗೊಳಿಸುವುದಾಗಿ ಸಾರಿಬಿಟ್ಟರು. ಹುಡುಗರೆಲ್ಲ ಸಿಂಧನೂರಿನ ಟ್ಯೂಷನ್ನಿಗೆ ಬಸ್ಸು ಹತ್ತುವುದು ಅವರ ಹೊಟ್ಟೆ ಉರಿಸುತ್ತಿತ್ತು. ಅಡತಿ ಅಂಗಡಿಯ ಸಾಹುಕಾರ ದೊಡ್ಡಬಸಪ್ಪನ ಮಕ್ಕಳು ತಮ್ಮ ಕಡೆ ಬಂದರೆ ಉಳಿದವರೂ ಬೆನ್ನು ಹತ್ತುತ್ತಾರೆಂಬ ಆಸೆ.

"ಮುಂದ ಹುಡುಗ್ರು ಇಲ್ಲದ ನಿಮಗ ಪಾಠ ಬರ್ತದೇನ್ರೀ?" ಎಂದಳು ಹೆಂಡತಿ ಕಸ್ತೂರೆಮ್ಮ.

"ಹುಡುಗ್ರು ಯಾಕ ಬೇಕು? ಪಾಠ ಮಾಡಾಂವ ನಾನು."

ಇಂಥ ಮಹಾಜ್ಞಾನಿಗೆ ಯಾರು ಏನು ಹೇಳುವುದು!

ಕೇಬಲ್ ನಡೆಸುತ್ತಿದ್ದ ಹುಸೇನ್‌ಸಾಬ್ ಮಾಸ್ತರರ ಹಳೆಯ ಶಿಷ್ಯ. ತನ್ನ ಕೇಬಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕರಿಹಲಗೆ ನಿಲ್ಲಿಸಿ, ಮದುವೆಯ ವಿಡಿಯೋ ಕ್ಯಾಮೆರಾ ಹಿಡಿದು ನಿಂತ. ಪಾಠ ಮುಗಿಯುವವರೆಗೆ ತುಟಿ ಬಿಚ್ಚಕೂಡದೆಂದು ಮಾಸ್ತರರ ಆಜ್ಞೆಯಾಗಿತ್ತು.

ಎರಡು ನಲ್ಲಿಗಳಿಂದ ತೊಟ್ಟಿ ತುಂಬುವ ಲೆಕ್ಕ. ಬಿಡಿಸಿದರು, ಮೀಸೆ ತಿರುವಿದರು, "ತಿಳೀತೇನ್ರಲೇ?" ಎಂದರು.

ಸದ್ದಿಲ್ಲ.

ಇಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಗೆ ಇಡೀ ತರಗತಿ "ತಿಳೀತ್ರೀ ಸಾರ್" ಎಂದು ಒದರದೆ ಮಾಸ್ತರರು ಹಲಗೆ ಒರೆಸಿದ್ದೇ ಇಲ್ಲ. ಯಾರಿಗಾದರೂ ನಿಜವಾಗಿ ತಿಳಿಯಿತೇ ಎಂದು ನೋಡಿದ್ದೂ ಇಲ್ಲ, ಆ ಮಾತು ಬೇರೆ. ತಿಳಿದಿಲ್ಲವೆಂದುಕೊಂಡು ಅದೇ ಲೆಕ್ಕ ಮತ್ತೆ ಶುರುಮಾಡಿದರು. ಮತ್ತೆ ಕೇಳಿದರು. ಕ್ಯಾಮೆರಾ ಉತ್ತರ ಕೊಡುತ್ತದೆಯೇ? ಹುಸೇನ್‌ಸಾಬ್ ಮುಂದೆ ಹೋಗಿರೆಂದು ಕೈ ಬೀಸಿದ. ಅವನಿಗೂ ತಿಳಿದಿಲ್ಲವೆಂದು ಮಾಸ್ತರರು ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಗಟ್ಟಿಯಾಗಿ ಮೂರನೆಯ ಸಲ ಹಿಡಿದುಕೊಂಡರು. ಹಾಗೇ ನಡೆದಿದ್ದರೆ ಆ ತೊಟ್ಟಿ ತುಂಬಿ ಮಸ್ಕಿ ಹಳ್ಳಕ್ಕೆ ಹರಿಯಬೇಕಿತ್ತು!

ಅತ್ತ ಮನೆಮನೆಗಳಲ್ಲಿ ಹುಡುಗರು ಟಿವಿ ಮುಂದೆ ನಿಂತು "ತಿಳೀತ್ರೀ ಸಾರ್" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಪಾಠ ಮುಗಿದರೆ ಸಿನಿಮಾ ಬರುವುದಿತ್ತು. ಇತ್ತ ಮಾಸ್ತರರ ಸಿಟ್ಟು ನೆತ್ತಿಗೇರಿತು. ಇಡೀ ಊರಿನ ಮುಂದೆ, "ದೊಡ್ಡಬಸಪ್ಪನ ಮಕ್ಕಳಾ, ನಿಮ್ಮ ತಲಿಯಾಗ ಏನೈತ್ರಲೇ? ನಿಮ್ಮ ಮನಿತನದಾಗ ಯಾರಿಗೂ ಲೆಕ್ಕ ಬರೂದಿಲ್ಲೇನು?" ಎಂದುಬಿಟ್ಟರು. ಅಷ್ಟರಲ್ಲಿ ಕರೆಂಟು ಹೋಗಿ ಮಸ್ಕಿ ಬದುಕಿಕೊಂಡಿತು.

ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರೆ ಕಟ್ಟೆಯ ಮೇಲೆ ದೊಡ್ಡಬಸಪ್ಪ ಕೂತಿದ್ದ. ಮಾಸ್ತರರು ಏನೂ ಆಗಿಲ್ಲವೆಂಬಂತೆ ಹಲ್ಲು ಕಿರಿದು, ಹುಡುಗರನ್ನು ಯಾವಾಗ ಕಳಿಸುತ್ತೀರೆಂದು ಕೇಳಿದರು.

"ಹುಡುಗ್ರು ಸಿಂಧನೂರಿಗೆ ಹೊಂಟಾರ್ರೀ," ಎಂದ ದೊಡ್ಡಬಸಪ್ಪ, ಶಾಂತವಾಗಿ. "ನನ್ನ ಕಳಿಸಿದಾಕಿ ನಮ್ಮವ್ವ. ಶಾಲಿ ಮಾರಿ ಕಂಡಾಕಿ ಅಲ್ಲ, ಟಿವ್ಯಾಗ ಮೂರು ಸಲ ಕೇಳಿ ಅಕಿಗೂ ಆ ಲೆಕ್ಕ ಬಂದುಬಿಟ್ಟೈತಿ. ನಿಮಗ ಇನ್ನೂ ಬಂದಿಲ್ಲಂದ್ರ ನಾಳೆ ಬಂದು ಹೇಳಿಕೊಡ್ತಾಳಂತ."