ಇನ್‌ಸ್ಪೆಕ್ಟರು ಲಾರಿಗೆ ಥರ್ಮಾಮೀಟರ್ ಇಟ್ಟದ್ದು

ಸ್ನಾನದ ನೀರು ಕಾದಿದೆಯೇ ಎಂದು ಬೆರಳು ಅದ್ದಿ ನೋಡುವವರನ್ನು ಕಂಡರೆ ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. (ಎಷ್ಟು ಡಿಗ್ರಿ ಉರಿಯುತ್ತಿತ್ತು ಎಂದೂ ಹೇಳಬಲ್ಲವರಾಗಿದ್ದರು, ಜೇಬಿನಲ್ಲಿ ಸದಾ ಒಂದು ಥರ್ಮಾಮೀಟರ್ ಇರುತ್ತಿತ್ತು.) ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಅಂಗಡಿಯವರ ತಕ್ಕಡಿಗಳನ್ನು ನೋಡಿ ಮೂಗು ಮುರಿದು ನಿವೃತ್ತರಾದ ಮೇಲೆ, ಮೂಗು ಮುರಿಯಲು ಅವರಿಗೆ ಉಳಿದದ್ದು ಮನೆಯೊಂದೇ. ಫ್ರಿಜ್ಜಿನಲ್ಲಿ ಒಂದು ಮೀಟರು, ಹಾಸಿಗೆಯ ತಲೆಬದಿಗೆ ಒಂದು, ಬಚ್ಚಲಲ್ಲಿ ದಾರ ಕಟ್ಟಿ ಇಳಿಬಿಟ್ಟದ್ದು ಇನ್ನೊಂದು. ಜೊತೆಗೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಮ್ಮೆ ಆ ದಾರದ ಮೇಲೆ ಕರ್ಚೀಫು ಒಣಹಾಕಿದ್ದಕ್ಕೆ ಇನ್‌ಸ್ಪೆಕ್ಟರು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆ ಎರಡು ದಿನ ಮನೆಯಲ್ಲಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದರು.

ಮನೆ ನಡೆಯುತ್ತಿದ್ದುದು ಹೆಂಡತಿಯ ಲಾರಿಯಿಂದ. ಲಾರಿ ಅವಳ ಅಪ್ಪನದು, ಓಡಿಸುವ ವಿದ್ಯೆಯೂ ಅಪ್ಪನದೇ. ಇಂಜಿನ್ ಶುರು ಮಾಡಿ, ತಲೆ ಸ್ವಲ್ಪ ವಾಲಿಸಿ ಕೇಳಿ, "ಇವತ್ತು ಹುಷಾರಾಗಿದೆ" ಎಂದೋ "ಯಾಕೋ ಮುನಿಸಿಕೊಂಡಿದೆ" ಎಂದೋ ಅವಳು ತೀರ್ಪು ಕೊಡುತ್ತಿದ್ದಳು. ತೀರ್ಪು ತಪ್ಪಿದ್ದಿಲ್ಲ. ಅದೇ ಇನ್‌ಸ್ಪೆಕ್ಟರಿಗೆ ಸಹಿಸಲಾಗದ ಸಂಗತಿ.

"ಕಿವಿ ಇರೋದು ಓಲೆ ಹಾಕ್ಕೊಳೋಕೆ," ಎಂದರು ಒಂದು ಶನಿವಾರ, ಒಂದು ರಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು. "ಅಳೆಯೋಕೆ ಇದು ಬೇಕು."

ಡಬ್ಬಿಯಲ್ಲಿ ಒಂದು ಗುಂಡು ಮೀಟರು, ಮಾರುದ್ದ ವೈರು, ವೈರಿನ ತುದಿಗೆ ಕಿರುಬೆರಳಷ್ಟು ಉದ್ದದ ಒಂದು ಉಕ್ಕಿನ ಕಡ್ಡಿ ಇದ್ದವು. ಇಂಜಿನ್ನಿನಿಂದ ಹೊರಬೀಳುವ ಬೆಂಕಿಯಂಥ ಹೊಗೆ ಎಷ್ಟು ಕಾದಿದೆ ಎಂದು ಆ ಕಡ್ಡಿ ತಿಳಿಸುತ್ತದಂತೆ. ಭಾರ ಹೊತ್ತು ದಿಬ್ಬ ಹತ್ತುವಾಗ ಅದು ಏಳುನೂರು ಡಿಗ್ರಿ ದಾಟಿದರೆ ಇಂಜಿನ್ ಒಳಗೇ ಕರಗಿಹೋಗುತ್ತದಂತೆ. ಇಷ್ಟನ್ನು ಅವರು ಅತ್ತೆಗೆ ಮುಕ್ಕಾಲು ಗಂಟೆ ವಿವರಿಸಿದರು. ಅತ್ತೆ ಅವರೆದುರೇ ಒಂದು ಸ್ವೆಟರಿನ ತೋಳು ಹೆಣೆದು ಮುಗಿಸಿದರು.

"ಸೋಮವಾರ ಹೆಂಚಿನ ಕಾರ್ಖಾನೆಗೆ ಮಣ್ಣಿನ ಮೊದಲ ಲೋಡು," ಎಂದಳು ಹೆಂಡತಿ. "ಒಂಬತ್ತಕ್ಕೆ ಸರಿಯಾಗಿ ಗೇಟಿನೊಳಗಿದ್ರೆ ವರ್ಷದ ಕೆಲಸ ನಮಗೆ. ಈಗ ಲಾರಿ ಮುಟ್ಟಬೇಡಿ."

"ಮೊದಲ ಲೋಡಿಗೇ ಇಂಜಿನ್ ಕರಗಿದ್ರೆ?"

"ಸರಿ, ಹಾಕಿ. ಆದ್ರೆ ನಿಮ್ಮಿಂದ ಒಂದೇ ಒಂದು ನಿಮಿಷ ತಡ ಆಗ್ಲಿ, ಮನೇಲಿರೋ ಮೀಟರೆಲ್ಲ ಗುಜರಿಗೆ."

"ಆಗದಿದ್ರೆ ನೀನು ಇನ್ನು ಮೇಲೆ ಕಿವಿ ಮುಚ್ಕೊಂಡು ಮೀಟರ್ ನೋಡಿ ಓಡಿಸಬೇಕು."

"ಆಗ್ಲಿ," ಎಂದಳು. ಅತ್ತೆ ಹೆಣಿಗೆ ನಿಲ್ಲಿಸಿ ಇಬ್ಬರನ್ನೂ ನೋಡಿದರು. ಆಮೇಲೆ ಮಗಳ ಕಡೆಗೆ ಮಾತ್ರ ನೋಡಿ ನಕ್ಕರು.

ಭಾನುವಾರ ಬೆಳಗಿನ ಚಳಿಯಲ್ಲಿ ಇನ್‌ಸ್ಪೆಕ್ಟರು ಶಸ್ತ್ರಚಿಕಿತ್ಸೆಗೆ ಇಳಿದರು. ತಲೆಗೆ ಅತ್ತೆ ಹೆಣೆದ ನೀಲಿ ಉಣ್ಣೆಯ ಟೋಪಿ, ಅದರ ನೆತ್ತಿಗೆ ಒಂದು ಕೆಂಪು ಗೊಂಡೆ. ಹೊಗೆ ಸಾಗುವ ಎರಕದ ಕೊಳವೆಗೆ ತೂತು ಕೊರೆಯಬೇಕು; ಕೊರೆದ ಕಬ್ಬಿಣದ ಪುಡಿ ಒಳಗೆ ಬಿದ್ದರೆ ಮುಂದೆ ಅದೇ ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಚಕ್ರ ಹಾಳು. ಅದಕ್ಕೆ ಡ್ರಿಲ್ಲಿನ ಮೊನೆಗೆ ಗ್ರೀಸ್ ಮೆತ್ತಿ, ಎರಡು ಸುತ್ತಿಗೊಮ್ಮೆ ಹೊರಗೆಳೆದು, ಒರೆಸಿ, ಮತ್ತೆ ಮೆತ್ತಿ ಕೊರೆದರು. ಟಾರ್ಚ್ ಹಿಡಿದು ನಿಂತ ಅತ್ತೆಗೆ ಪ್ರತಿ ಸುತ್ತಿಗೂ ಒಂದು ಉಪನ್ಯಾಸ. "ಮೆಕ್ಯಾನಿಕ್ಕುಗಳಿಗೆ ಈ ತಾಳ್ಮೆ ಎಲ್ಲಿಂದ ಬರಬೇಕು, ಅತ್ತೆ? ಅವರದ್ದೆಲ್ಲ ಕಣ್ಣಂದಾಜು."

ಕೈ ಆಡಲು ಜಾಗ ಸಾಲದೆ, ಗಾಳಿಯ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಮೊದಲೇ ಬಿಚ್ಚಿದ್ದರು. ತೆರೆದ ಬಾಯಿಗೆ ಧೂಳು ಹೋಗಬಾರದೆಂದು (ಎಂಥ ದೂರಾಲೋಚನೆ) ಕೈಗೆ ಸಿಕ್ಕ ಬಟ್ಟೆಯನ್ನು ಒಳಗೆ ತುರುಕಿದ್ದರು. ಮಧ್ಯಾಹ್ನದ ಹೊತ್ತಿಗೆ ಕಡ್ಡಿ ಕೂತಿತು, ಪೈಪು ಮರಳಿ ಬಿಗಿಯಿತು, ಡ್ರೈವರ್ ಸೀಟಿನೆದುರು ಮೀಟರು ಹೊಳೆಯಿತು. ಹೆಂಡತಿ ಬಂದು ಇಂಜಿನ್ ಶುರು ಮಾಡಿ ತಲೆ ವಾಲಿಸಿದಳು.

"ಯಾಕೋ ಮೂಗು ಕಟ್ಟಿದ ಹಾಗಿದೆ."

"ಹಬೆ ಹಿಡಿಸು," ಎಂದರು ಇನ್‌ಸ್ಪೆಕ್ಟರು ತಿರಸ್ಕಾರದಿಂದ. "ಮುಳ್ಳು ನೋಡು, ಎಷ್ಟು ಶಾಂತವಾಗಿದೆ."

"ಒಂದ್ಸಲ ಬಿಚ್ಚಿ ನೋಡ್ಲಾ?"

"ನನ್ನ ಜೋಡಣೆಗೆ ಯಾರೂ ಸ್ಪ್ಯಾನರ್ ಹಾಕಕೂಡದು." ಇಷ್ಟು ಹೇಳಿ, ತಲೆಗೆ ಚಳಿಯಾಗಿ, ಟೋಪಿ ಹುಡುಕಲು ಒಳಗೆ ಹೋದರು.

ಟೋಪಿ ಸಿಗಲಿಲ್ಲ. ಅಲಮಾರು ಜಾಲಾಡಿದರು, ಅತ್ತೆಯ ನೂಲಿನ ಬುಟ್ಟಿ ಬೋರಲು ಹಾಕಿದರು. "ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇರಲ್ಲ. ಒಗೆಯೋಕೆ ಹಾಕಿದ್ರಾ? ಯಾರಿಗಾದ್ರೂ ಕೊಟ್ಟುಬಿಟ್ರಾ?" ಈ ಭಾಷಣ ರಾತ್ರಿ ಊಟಕ್ಕೆ ಕೂತಾಗಲೂ ಮುಗಿದಿರಲಿಲ್ಲ. ಸೋಮವಾರ ಬೆಳಿಗ್ಗೆ ಬೋಳುತಲೆಯಲ್ಲೇ ಲಾರಿ ಹತ್ತಿ ಮೀಟರಿನ ಎದುರು ಕೂತರು.

ಸಪಾಟು ರಸ್ತೆಯಲ್ಲೇ ಲಾರಿ ತಡವರಿಸುತ್ತಿತ್ತು. ಕಾರ್ಖಾನೆಗೆ ಮೊದಲಿನ ದಿಬ್ಬದಲ್ಲಿ ಏದುಸಿರು ಬಿಡತೊಡಗಿತು. ಹಿಂದೆ ಕಪ್ಪು ಹೊಗೆ ಎಷ್ಟು ಎದ್ದಿತೆಂದರೆ ಹಿಂದಿನ ಬಸ್ಸು ಹಗಲಲ್ಲೇ ದೀಪ ಹಾಕಿಕೊಂಡಿತು. ಮುಳ್ಳು ಆರುನೂರು ದಾಟಿ ಏಳುನೂರು ಮುಟ್ಟಿ ಕೆಂಪಿಗೆ ಹತ್ತಿತು. ಇನ್‌ಸ್ಪೆಕ್ಟರ ಮುಖ ಅರಳಿತು.

"ನೋಡಿದ್ಯಾ? ಇಷ್ಟು ವರ್ಷ ಇಂಥ ಇಂಜಿನ್ ಇಟ್ಕೊಂಡು ಹುಷಾರಾಗಿದೆ, ಹುಷಾರಾಗಿದೆ ಅಂತಿದ್ದೆ."

"ಶುಕ್ರವಾರ ಇದೇ ದಿಬ್ಬ ಇಷ್ಟೇ ಭಾರದಲ್ಲಿ ಹಾಡ್ಕೊಂಡು ಹತ್ತಿದೆ. ಇವತ್ತು ಇದಕ್ಕೆ ಉಸಿರು ಸಿಕ್ತಿಲ್ಲ."

"ಮೀಟರ್ ಸುಳ್ಳು ಹೇಳತ್ತಾ?"

"ಮೀಟರ್ ಸುಳ್ಳು ಹೇಳ್ತಿದೆ ಅಂತ ನಾನೆಲ್ಲಿ ಅಂದೆ?" ಎಂದು ಅವಳು ಲಾರಿಯನ್ನು ಬದಿಗೆ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ಇಳಿದಳು. ಗಂಟೆ ಎಂಟು ನಲವತ್ತು. ಇನ್‌ಸ್ಪೆಕ್ಟರು ಹಿಂದೆಯೇ ಇಳಿದು, ಬಿಚ್ಚಬಾರದೆಂಬುದಕ್ಕೆ ಕಾರಣಗಳನ್ನು ಕೊಡತೊಡಗಿದರು. ಮೂರನೆಯ ಕಾರಣದ ನಡುವೆ ರಬ್ಬರ್ ಪೈಪು ಬಿಚ್ಚಿಕೊಂಡಿತು. ಅವಳು ಅದರೊಳಗೆ ಕೈ ಹಾಕಿ ಎಳೆದಳು. ಮೊದಲು ಕೆಂಪು ಗೊಂಡೆ ಬಂತು. ಆಮೇಲೆ ನೀಲಿ ಉಣ್ಣೆ ಗೇಣು ಗೇಣಾಗಿ ಬಂತು.

ಇನ್‌ಸ್ಪೆಕ್ಟರು ಜೀವಮಾನದಲ್ಲಿ ಮೊದಲ ಬಾರಿಗೆ ದಿಬ್ಬದ ಕೆಳಗಿನ ಹೊಲವನ್ನು ಬಹಳ ಆಸಕ್ತಿಯಿಂದ ನೋಡಿದರು.

ಟೋಪಿ ತೆಗೆದ ಮೇಲೆ ಲಾರಿ ಹಾಡಿಕೊಂಡು ಹತ್ತಿತು. ಮುಳ್ಳು ಐನೂರಕ್ಕೆ ಇಳಿದು ಅಲ್ಲೇ ನಿಂತಿತು. ಮೀಟರು ಮೊದಲಿಂದಲೂ ಸರಿಯಾಗಿಯೇ ಇತ್ತು. ಆದರೆ ಕಾರ್ಖಾನೆಯ ಗೇಟು ತಲುಪಿದಾಗ ಒಂಬತ್ತು ಗಂಟೆ ಏಳು ನಿಮಿಷ. ಮ್ಯಾನೇಜರು ಗಡಿಯಾರ ನೋಡಿ ಹುಬ್ಬು ಗಂಟಿಕ್ಕಿದ. ಹೆಂಡತಿ ನೆಪ ಹೇಳಲಿಲ್ಲ. ಟೋಪಿಯನ್ನು ಅವನ ಮೇಜಿನ ಮೇಲಿಟ್ಟು, ನಡೆದದ್ದನ್ನು ನಡೆದಂತೆಯೇ ಹೇಳಿದಳು. ಮ್ಯಾನೇಜರು ಕಣ್ಣೀರು ಬರುವಂತೆ ನಕ್ಕ. ಗುಮಾಸ್ತರನ್ನು ಕರೆದು ಇನ್ನೊಮ್ಮೆ ಹೇಳಿಸಿದ. ಕೊನೆಗೆ ಹೆಂಚು ಸುಡುವ ಗೂಡಿನ ಕೆಲಸಗಾರರೂ ಬಂದು, ಲಾರಿಯಲ್ಲಿ ಕೂತಿದ್ದ ಬೋಳುತಲೆಯನ್ನು ಕಿಟಕಿಯಿಂದ ಇಣುಕಿ ನೋಡಿ ಹೋದರು. ವರ್ಷದ ಕೆಲಸದ ಕಾಗದಕ್ಕೆ ಸಹಿ ಬಿತ್ತು.

"ಲಾರಿಯ ಮೀಟರ್ ಇರಲಿ, ಕೆಲಸಕ್ಕೆ ಬರುತ್ತೆ," ಎಂದಳು ಹೆಂಡತಿ, ವಾಪಸು ಬರುವಾಗ. "ಮನೆಯವು ಮಾತ್ರ ಗುಜರಿಗೆ."

"ಕೆಲಸ ಸಿಕ್ತಲ್ಲ. ಅದೂ ನನ್ನ ಟೋಪಿಯಿಂದ."

"ಮಾತು ಇದ್ದದ್ದು ನಿಮಿಷದ ಮೇಲೆ. ಏಳಾಯ್ತು. ಅಳತೆ ಅಂದ್ರೆ ಅಳತೆ ಅಲ್ವಾ?"

ಇಪ್ಪತ್ತೆಂಟು ವರ್ಷ ಅಂಗಡಿಯವರಿಗೆ ಇನ್‌ಸ್ಪೆಕ್ಟರು ಹೇಳಿದ್ದೂ ಇದೇ ಮಾತು. ಸಂಜೆಯೊಳಗೆ ಫ್ರಿಜ್ಜು, ಹಾಸಿಗೆ, ಜೇಬು ಎಲ್ಲ ಖಾಲಿಯಾದವು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರು ಬಚ್ಚಲಲ್ಲಿ ಹಬೆಯಾಡುವ ಬಕೆಟ್ಟಿನೆದುರು ಬಹಳ ಹೊತ್ತು ನಿಂತಿದ್ದರು. ತಲೆಯ ಮೇಲಿನ ದಾರದಲ್ಲಿ ಈಗ ಅತ್ತೆಯ ಕರ್ಚೀಫು ಒಣಗುತ್ತಿತ್ತು.

"ಅತ್ತೆ," ಎಂದು ಕೂಗಿದರು ಕೊನೆಗೆ, "ನೀರು ಎಷ್ಟು ಕಾದಿದೆ?"

"ಬೆರಳು ಅದ್ದಿ ನೋಡಪ್ಪ," ಎಂದರು ಅತ್ತೆ, ಒಳಗಿನಿಂದ.

ಅದ್ದಿದರು. ಚೆನ್ನಾಗಿಯೇ ಕಾದಿತ್ತು.