ವಾರಕ್ಕೊಂದು ಸಾಮರ್ಥ್ಯ ಬದಲಾಯಿಸಬಹುದು

ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಬ್ಬ ರಾಕ್ಷಸನನ್ನು ಕೊಲ್ಲಬೇಕು. ಏಳು ತಿಂಗಳಿಂದ ಒಂದಲ್ಲ ಒಂದು ಅಡ್ಡಿ ಬರುತ್ತಲೇ ಇದೆ. ಮೊದಲ ಸಲ ಬರೆಯುತ್ತಿದ್ದೇನೆ, ಹಾಗಾಗಿ ವಿವರಿಸಿಬಿಡುತ್ತೇನೆ. ಇದು ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಕಥೆಯಾಟ. ಕಥೆ ಹೇಳುವವನು ನಾನು. ಆಡುವವರು ಮೂವರು. ಒಬ್ಬೊಬ್ಬರಿಗೂ ಒಂದು ಹಾಳೆ, ಅದರಲ್ಲಿ ಅವರ ಪಾತ್ರದ ಏಳು ಸಾಮರ್ಥ್ಯಗಳು, ಎದುರಿಗೆ ಇಪ್ಪತ್ತಕ್ಕೆ ಇಷ್ಟು ಅಂತ ಅಂಕ. ಹಿಡಿಸದಿದ್ದರೆ ವಾರಕ್ಕೊಂದು ಬದಲಾಯಿಸಬಹುದು ಎಂದು ನಾನೇ ನಿಯಮ ಮಾಡಿದ್ದೆ. ಆಗಲ್ಲ ಎಂದರೆ ಯಾರಾದರೂ ಬಿಟ್ಟು ಹೋಗುತ್ತಾರೆ, ಇಬ್ಬರಿಂದ ಆಟ ನಡೆಯುವುದಿಲ್ಲ. ಚನ್ನಪಟ್ಟಣದಲ್ಲಿ ನಾಲ್ಕನೆಯವರನ್ನು ಹುಡುಕಿದ್ದೇನೆ. ಇಲ್ಲ.

ಸೀಟಿ

ಕುದೂರಿನ ಬಸ್ ಕಂಡಕ್ಟರ್ ಒಬ್ಬರದು ಮಂತ್ರವಾದಿಯ ಪಾತ್ರ. ಸಿಡಿಲು ಬೀಳಿಸುವ ಶಕ್ತಿ ತೆಗೆಸಿ ಸೀಟಿ ಊದುವ ಶಕ್ತಿ ಹಾಕಿಸಿಕೊಂಡರು. ಊದಿದರೆ ಯಾರೇ ಆಗಲಿ ನಿಲ್ಲಬೇಕು. ಗದೆ ಎತ್ತಿದ್ದ ರಾಕ್ಷಸ ಹಾಗೇ ನಿಂತ. ಎಲ್ಲರಿಗೂ ಖುಷಿಯಾಯಿತು. ಆಮೇಲೆ ಅಭ್ಯಾಸಬಲದಿಂದ ಅವರೇ “ರೈಟ್ ರೈಟ್” ಎಂದರು. ಗದೆ ಇಳಿಯಿತು.

ಬೊಂಬೆ

ಬೊಂಬೆ ಮಾಡುವ ಗೆಳೆಯನದು ಕಳ್ಳನ ಪಾತ್ರ. ‘ಅಡಗಿಕೊಳ್ಳುವುದು’ ತೆಗೆಸಿ ‘ಬೊಂಬೆ ಮಾಡುವುದು’ ಬರೆಸಿದ. ರಾಕ್ಷಸನಿಗೆ ಬೊಂಬೆ ಹಿಡಿಸಿತು. “ಒಂದು ಕುದುರೆ ಕೊಡು, ಬಿಟ್ಬಿಡ್ತೀನಿ” ಎಂದೆ. (ರಾಕ್ಷಸನ ಮಾತು ಆಡುವವನೂ ನಾನೇ.)

“ಬಿಡಿಯಾಗಿ ಕೊಡಲ್ಲ ಸಾರ್. ಆರರ ಸೆಟ್ಟೇ ತಗೋಬೇಕು.”

ರಾಕ್ಷಸ ಅವನನ್ನು ತಿಂದ.

ಬದಲಿ ಆಳು

ಅಕ್ಕೂರಿನ ರೇಷ್ಮೆ ಬೆಳೆಗಾರನದು ವೀರನ ಪಾತ್ರ. ಪ್ರತಿ ವಾರ ಅವನೇ ಮೊದಲು ಸಾಯುತ್ತಿದ್ದ. “ಇನ್ನೊಂದ್ಸಲ ಸಾಯ್ಸುದ್ರೆ ಬರಕಿಲ್ಲ ಕಣ್ಲಾ” ಎಂದ. ಮುಂದಿನ ವಾರ ಬರಲೇ ಇಲ್ಲ. ಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಪೊರೆ ಕಳಚಿ ಹಗಲೂ ರಾತ್ರಿ ಸೊಪ್ಪು ತಿನ್ನುವ ಹೊತ್ತು. ನಮ್ಮ ಕಡೆ ಒಬ್ಬರ ಹೊಲಕ್ಕೊಬ್ಬರು ಸರದಿಯಲ್ಲಿ ದುಡಿಯುವ ಮುಯ್ಯಿ ಕೆಲಸಕ್ಕೆ ಒಪ್ಪಿದವನು ಬರಲಾಗದಿದ್ದರೆ ಮನೆಯಿಂದ ಇನ್ನೊಬ್ಬರನ್ನು ಕಳಿಸುತ್ತಾನೆ. ಇದೂ ಹಾಗೇ ಎಂದುಕೊಂಡು ಹೆಂಡತಿಯನ್ನು ಕಳಿಸಿದ್ದ.

ಆ ಅಕ್ಕ ಗಂಡನ ಹಾಳೆ ಓದಿದರು. “ಧೈರ್ಯ ಹದಿನೆಂಟಾ? ಹಲ್ಲಿ ಕಂಡ್ರೆ ಮಂಚ ಹತ್ಕೊತಾರೆ. ಎರಡು ಬರ್ಕೊಳಿ.”

ಬರೆದುಕೊಂಡೆ.

“ಶಕ್ತಿ ಹದಿನಾರಾ? ಒಸಿ ಸೊಪ್ಪಿನ ಹೊರೆ ಹೊರ್ಸಿ ನೋಡಿ.”

ವಾರಕ್ಕೊಂದೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಏಳನ್ನೂ ತಿದ್ದಿಸಿ, ‘ಹೆಂಡತಿ ಮಾತು ಕೇಳುವುದು’ ಎಂಬ ಎಂಟನೆಯದನ್ನು ಸೇರಿಸಿ, ಎದುರಿಗೆ ಸೊನ್ನೆ ಹಾಕಿಸಿದರು.

ಮರುವಾರ ಅವನು ಬಂದು ಹಾಳೆಯನ್ನು ಬಹಳ ಹೊತ್ತು ನೋಡಿದ. ಆಟ ಮುಗಿಯಿತು ಎಂದುಕೊಂಡೆ.

“ವಾರಕ್ಕೊಂದೇ ಅಲ್ವೇನ್ಲಾ?”

“ಒಂದೇ.”

“ಎಂಟವೆ. ಎಂಟು ವಾರ ಬತ್ತೀನಿ ತಗಾ.”

ಸಮಾಧಾನವಾಯಿತು. ರಬ್ಬರ್ ತೆಗೆದುಕೊಂಡು, ಧೈರ್ಯದಿಂದ ಶುರು ಮಾಡಲೇ ಎಂದೆ. ಅವನು ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

“ಮೊದ್ಲು ಇದ್ಕೆ ಇಪ್ಪತ್ತಾಕು. ಅವ್ಳು ಕೆಳಗೆ ಗಾಡಿ ಹತ್ರ ನಿಂತವ್ಳೆ. ಹಾಳೆ ತಂದು ತೋರ್ಸು ಅಂದವ್ಳೆ.”