ಪ್ರಾಕ್ಸಿಮಾ ಬಿ ಗ್ರಹಕ್ಕೆ ವರ್ಗವಾದ ಸರ್ವೆಯರ್

ಸರ್ಕಾರಿ ನೌಕರನನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಎಲ್ಲಿಗೆ ಬೇಕಾದರೂ ವರ್ಗಾಯಿಸಬಹುದು. ಆ ‘ಎಲ್ಲಿ’ ಭೂಮಿಯ ಮೇಲೇ ಇರಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಹೀಗಾಗಿ ನಗರ ಯೋಜನಾ ಕಚೇರಿಯ ಸರ್ವೆಯರನನ್ನು ನಾಲ್ಕು ಜ್ಯೋತಿರ್ವರ್ಷಗಳಾಚೆಯ ಪ್ರಾಕ್ಸಿಮಾ ಬಿ ಗ್ರಹಕ್ಕೆ ವರ್ಗ ಮಾಡಿದ್ದರಲ್ಲಿ ಅಕ್ರಮವೇನೂ ಇರಲಿಲ್ಲ.

ಅವನು ಮಾಡಿದ್ದಿಷ್ಟೇ. ನಿರ್ದೇಶಕರ ಭಾವಮೈದ ಮನೆ ಕಟ್ಟಿಸಲು ಆರಿಸಿದ್ದ ಖಾಲಿ ಜಾಗ ನೋಡಿ ಬಂದು, “ಸಾರ್, ಅದು ಕೆರೆ” ಅಂದಿದ್ದ.

“ಕೆರೆ ಅಂತ ನಿನಗೆ ಹೇಗೆ ಗೊತ್ತು?”

“ಇಳಿದೆ ಸಾರ್. ಕುತ್ತಿಗೆವರೆಗೆ ಬಂತು.”

ಇಷ್ಟು ಆಳಕ್ಕಿಳಿಯುವವನು ಈ ಊರಿಗೆ ಹೆಚ್ಚಾಯಿತೆಂದು ನಿರ್ದೇಶಕರಿಗೆ ಅನಿಸಿತು. ಹೊಸ ಹುದ್ದೆ ಸೃಷ್ಟಿಯಾಯಿತು. ಆ ಗ್ರಹದಲ್ಲಿ ನೀರಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಇದ್ದರೂ ಅಲ್ಲಿ ಯಾರ ಭಾವಮೈದನೂ ಇಲ್ಲ.

“ಹೋಗೋದು ಹೇಗೆ ಸಾರ್?”

“ಆದೇಶದಲ್ಲಿ ಹೋಗೋ ಮಾತು ಎಲ್ಲಿದೆ? ಹಾಜರಾಗು ಅಂತಷ್ಟೇ ಇದೆ.”

ಹಿಂದೆಯೇ ಪ್ರಕಟಣೆ ಹೊರಟಿತು: ನೌಕರರು ಕರ್ತವ್ಯದ ಸ್ಥಳದಲ್ಲೇ ವಾಸಿಸತಕ್ಕದ್ದು, ಅನ್ಯಗ್ರಹ ಸೇವೆಯಲ್ಲಿರುವವರು ಇಲ್ಲಿನ ಸರ್ಕಾರಿ ವಸತಿಯನ್ನು ಕೂಡಲೇ ಖಾಲಿ ಮಾಡತಕ್ಕದ್ದು.

ಹೆಂಡತಿ ಪಾತ್ರೆಗಳನ್ನು ಮೂಟೆ ಕಟ್ಟುತ್ತಾ, “ನಿಮಗ್ಯಾಕೆ ಬೇಕಿತ್ತು? ಮುಳುಗೋನು ಅವನು ತಾನೇ?” ಅಂದಳು. ಇಬ್ಬರೂ ಅವಳ ತವರಿಗೆ ಬಂದು ಸೇರಿದರು.

ಅತ್ತೆ ವಿಚಾರಿಸಿದರು: “ಅಲ್ಲಿ ಹವಾ ಹೇಗಂತೆ?”

“ಒಂದು ಕಡೆ ಯಾವಾಗಲೂ ಬಿಸಿಲಂತೆ, ಇನ್ನೊಂದು ಕಡೆ ಯಾವಾಗಲೂ ಕತ್ತಲಂತೆ ಅತ್ತೆ.”

“ಹಾಗಾದ್ರೆ ನಡುವೆ ಎಲ್ಲಾದ್ರೂ ಮನೆ ನೋಡ್ಕೊಳ್ಳಿ.”

ಮನಸ್ಸು ತಡೆಯದೆ ಅವನು ಒಮ್ಮೆ ಕಚೇರಿಗೆ ಹೋದ. ಬಾಗಿಲಲ್ಲಿದ್ದ ಜವಾನ, ಹನ್ನೆರಡು ವರ್ಷ ಅವನ ಜೊತೆ ಚಹಾ ಕುಡಿದವನು, ಎದ್ದು ನಿಂತ. “ಸರ್ವೆಯರ್ ಸಾಹೇಬ್ರು ಹೊರಗಡೆ ಸೇವೇಲಿದ್ದಾರೆ. ಸಿಗಲ್ಲ.”

“ನಾನೇ ಕಣಪ್ಪಾ.”

“ಅದು ಹೇಗಾಗುತ್ತೆ? ನೀವಾಗಿದ್ರೆ ಇಲ್ಲಿರ್ತಿರಲಿಲ್ಲ.”

ಮಾತಿನಲ್ಲಿ ತಪ್ಪು ಕಾಣದೆ ಅವನು ಹಿಂತಿರುಗಿದ.

ಅಷ್ಟರಲ್ಲಿ ಭಾವಮೈದನ ಮನೆ ಎದ್ದಿತ್ತು. ನೆಲಮಹಡಿಯಲ್ಲಿ ನೀರು ನಿಂತಾಗ ಕಚೇರಿಯು ಅದನ್ನು ಒಳಾಂಗಣ ಈಜುಕೊಳವೆಂದು ಪರಿಗಣಿಸಿ, ಉತ್ತಮ ವಿನ್ಯಾಸಕ್ಕೆ ಬಹುಮಾನ ಕೊಟ್ಟಿತು. ಊರಿಗೆ ಊರೇ ಚಪ್ಪಾಳೆ ತಟ್ಟಿತು.

ಆ ವಾರ ಸರ್ವೆಯರ್ ಕ್ಷೌರಕ್ಕೆ ಹೋದ. ಕ್ಷೌರಿಕ ಕೊರಳಿಗೆ ಬಟ್ಟೆ ಸುತ್ತುತ್ತಾ, “ಯಾವಾಗ ಬಂದ್ರಿ ಸಾರ್?” ಎಂದ.

ಸರ್ವೆಯರ್ ಕನ್ನಡಿಯಲ್ಲಿದ್ದವನನ್ನು ಸ್ವಲ್ಪ ಹೊತ್ತು ನೋಡಿದ.

“ನಿನ್ನೆ.”

“ಅಲ್ಲಿ ಕಟಿಂಗ್ ಸರಿಯಾಗಿ ಮಾಡಲ್ಲ ಅನ್ಸುತ್ತೆ.”

“ಇಲ್ಲಪ್ಪ,” ಎಂದ ಸರ್ವೆಯರ್, ತಲೆ ಬಗ್ಗಿಸಿ. “ಅಲ್ಲಿ ನಿನ್ನಂಥ ಕೈ ಇಲ್ಲ.”